ಟೈರು ಬಿಸಿಯಾಗಬೇಕಂತೆ

ಟೈರು ಬಿಸಿಯಾಗಬೇಕಂತೆ! ಹೆಂಡತಿ ನಡುರಸ್ತೆಯಲ್ಲಿ ಬಿದ್ದು ಮಣಿಕಟ್ಟು ಮುರಿದುಕೊಂಡು ಕೂತಿರುವಾಗ ಗಂಡನ ಬಾಯಿಂದ ಬಂದ ಮೊದಲ ಮಾತು ಅದು. ಇವತ್ತು ನೆನೆಸಿಕೊಂಡರೂ ಮೈ ಉರಿಯುತ್ತದೆ.

ನಮ್ಮ ಮನೆ ಈ ತೆಲುಗು ಊರಿನ ಕೂಕಟ್‌ಪಲ್ಲಿಯಲ್ಲಿ, ನಾನು ಗಣಿತ ಕಲಿಸುವ ಶಾಲೆ ಗಚ್ಚಿಬೌಲಿಯಲ್ಲಿ, ಇವರ ಆಫೀಸೂ ಅದೇ ದಾರಿಯಲ್ಲಿ. ಮದುವೆಯಾದಾಗಿನಿಂದ ನಾನು ಇವರ ಹಿಂದೆ ಕೂತೇ ಹೋದವಳು. ಮೊದಲು ಸ್ಕೂಟರು, ಆಮೇಲೆ ಸಾದಾ ಬೈಕು. ಐವತ್ತು ದಾಟಿದ್ದೇ ತಡ, ಇವರಿಗೆ ರೇಸಿನ ಹುಚ್ಚು ಹತ್ತಿತು. ಅರವತ್ತಕ್ಕೆ ಅರಳು ಮರಳು ಅನ್ನುತ್ತಾರೆ, ನಮ್ಮವರಿಗೆ ಹತ್ತು ವರ್ಷ ಮುಂಚೆಯೇ ಬಂತು. ಹಿಂದಿನ ಸೀಟು ಊಟದ ಮಣೆಯಷ್ಟೂ ಇಲ್ಲದ ಕೆಂಪು ಬೈಕೊಂದು ಮನೆಗೆ ಬಂತು. ವರ್ಷಕ್ಕೆ ಒಂದೆರಡು ಸಲ ಊರಾಚೆಯ ಟ್ರ್ಯಾಕಿಗೆ ಹೋಗಿ, ಚರ್ಮದ ಅಂಗಿ ತೊಟ್ಟು ನಾಲ್ಕು ಸುತ್ತು ಹೊಡೆದು ಬರುವರು. ಹೋಗಲಿ, ಕುಡಿತವಿಲ್ಲ, ಇಸ್ಪೀಟಿಲ್ಲ ಎಂದು ನಾನೂ ಸುಮ್ಮನಿದ್ದೆ. ಆ ಸೀಟಿನ ಮೇಲೆ ಕೂರುವುದಕ್ಕೆಂದೇ ಸೀರೆ ಬಿಟ್ಟು ಚೂಡಿದಾರ ಹಾಕತೊಡಗಿದೆ.

ಮಳೆಗಾಲದಲ್ಲಿ ಹಳೇ ಟೈರು ಸವೆದವು. ಊಟಕ್ಕೆ ಕೂತರೂ ಇವರ ಫೋನಿನಲ್ಲಿ ಟೈರಿನ ಚಿತ್ರಗಳೇ. ಎರಡು ಜಾತಿ ಇವೆಯಂತೆ. ಒಂದು, ರಸ್ತೆಯ ಮೇಲೆ ಜೋರಾಗಿ ಓಡಿಸುವವರಿಗೆ: ಮಳೆನೀರು ಹರಿದುಹೋಗಲು ಮೈತುಂಬ ಗೀರುಗಳಿರುತ್ತವೆ, ಬೇಗ ಬಿಸಿಯಾಗಿ ನೆಲ ಹಿಡಿಯುತ್ತದೆ. ಇನ್ನೊಂದು ಟ್ರ್ಯಾಕಿಗೆಂದೇ ಮಾಡಿದ್ದು: ಮೆತ್ತನೆಯ ರಬ್ಬರು, ಗೀರು ಇದ್ದೂ ಇಲ್ಲದಂತೆ. ಚೆನ್ನಾಗಿ ಬಿಸಿಯಾದರೆ ಗೋಂದಿನ ಹಾಗೆ ಅಂಟುತ್ತದೆ, ತಣ್ಣಗಿದ್ದರೆ ದೇವರೇ ಗತಿ.

"ನಾವು ದಿನಾ ಅಡ್ಡಾಡೋದು ರಸ್ತೆ ಮ್ಯಾಲ. ರಸ್ತೇದ ಟೈರ್ ಹಾಕಸ್ರಿ," ಅಂದೆ.

"ನಿನಗ ತಿಳಿಯಂಗಿಲ್ಲ ಬಿಡು," ಅಂದರು.

ಮಾರನೆಯ ದಿನ ನೋಡಿದರೆ ಟ್ರ್ಯಾಕಿನ ಟೈರೇ ಬಂದು ಕೂತಿವೆ! ಕೇಳಿದ್ದಕ್ಕೆ, "ಅಂಗಡಿಯಾಂವನ ಇದು ಭಾಳ ಭೇಷ್ ಐತಿ ಅಂದ. ನಾ ಏನ್ ಮಾಡ್ಲಿ?" ಎಂದರು. ಮಾರುವವನೇ ಹೇಳಿದ ಮೇಲೆ ನನ್ನದೇನು ಎಂದು ಬಾಯಿ ಮುಚ್ಚಿಕೊಂಡೆ.

ಒಂದು ಬೆಳಿಗ್ಗೆ ತುಂತುರು ಮಳೆ. ನಮ್ಮ ಗಲ್ಲಿಯಿಂದ ಮೆಟ್ರೊ ಕಂಬಗಳ ರಸ್ತೆಗೆ ತಿರುಗಿದೆವು. ವೇಗವೇನೂ ಇರಲಿಲ್ಲ, ಹಾಲಿನ ಸೈಕಲ್ಲೊಂದು ನಮ್ಮನ್ನು ದಾಟಿ ಹೋಗುತ್ತಿತ್ತು. ಹಿಂದಿನ ಚಕ್ರ ಸರ್ರನೆ ಜಾರಿತು. ಅವರು ಬೈಕಿನ ಜೊತೆ ಒಂದು ಕಡೆ, ನಾನು ಇನ್ನೊಂದು ಕಡೆ, ಅದೂ ಬಲಗೈ ಮೇಲೆ, ಬೋರ್ಡಿನ ಮೇಲೆ ಬರೆಯುವ ಕೈ. ಆಟೊದವನೊಬ್ಬ ಓಡಿಬಂದು ನನ್ನನ್ನು ಎಬ್ಬಿಸಿ ಕೂರಿಸಿದ. ಆಗಲೇ ಇವರು ಆ ಮುತ್ತು ಉದುರಿಸಿದ್ದು: "ಏನಿಲ್ಲ, ಟೈರ್ ಇನ್ನೂ ಬಿಸಿ ಆಗಿರಲಿಲ್ಲ ಅಷ್ಟ." ಅದನ್ನೇ ಹಿಂದಿಯಲ್ಲೂ ಹೇಳಿದರು.

"ಟೈರ್ ಹೈ ಯಾ ಚಾಯ್ ಹೈ, ಸಾಬ್?" ಅಂದ ಆಟೊದವನು. ಸುತ್ತ ನಿಂತವರೆಲ್ಲ ನಕ್ಕರು. ನೋವಿಲ್ಲದಿದ್ದರೆ ನಾನೂ ನಗುತ್ತಿದ್ದೆ. ಆ ಟ್ರಾಫಿಕ್ಕಿನಲ್ಲಿ ತೆವಳುವ ಬೈಕಿನ ಟೈರು ಬಿಸಿಯಾಗುವುದು ಯಾವ ಜನ್ಮಕ್ಕೆ? ಅಟ್ಟ ಮೇಲೆ ಒಲೆ ಉರಿಯಿತು ಅನ್ನುವುದು ಇಂಥದ್ದಕ್ಕೇ.

ಕೈಗೆ ಪ್ಲಾಸ್ಟರು ಬಿತ್ತು. ಸುಳ್ಳು ಹೇಳಬಾರದು, ಇವರು ಅಡುಗೆ ಮಾಡಿದರು, ಪಾತ್ರೆ ತೊಳೆದರು, ಬಾರದಿದ್ದರೂ ನನ್ನ ಜಡೆ ಹೆಣೆದರು. ಹಾಗಾಗಿ ನನ್ನ ಸಿಟ್ಟೆಲ್ಲ ಆ ಅಂಗಡಿಯವನ ಮೇಲೆ ತಿರುಗಿತು. ಸಂಸಾರಸ್ಥನಿಗೆ ಇಂಥ ಟೈರು ಕಟ್ಟಿದನಲ್ಲ ಖೋಡಿ! ಮಲಗಿದಲ್ಲೇ ಅವನಿಗೆ ಬೈಯುವ ಮಾತುಗಳನ್ನು ತೆಲುಗಿನಲ್ಲಿ ಜೋಡಿಸಿಕೊಳ್ಳುತ್ತಿದ್ದೆ.

ದಸರೆ ಹತ್ತಿರ ಬಂತು. ಪ್ಲಾಸ್ಟರು ಹೋಗಿ ಕೈಗೆ ಬರಿಯ ಬಟ್ಟೆಪಟ್ಟಿ ಉಳಿದಿತ್ತು. "ಹಬ್ಬಕ್ಕ ಗಾಡಿ ಪೂಜಾ ಮಾಡೋದೈತಿ. ಅಷ್ಟರಾಗ ರಸ್ತೇದ ಟೈರ್ ಹಾಕಸ್ತೀನಿ, ಆತಿಲ್ಲ?" ಅಂದರು ಮೆತ್ತಗೆ.

"ನಾನೂ ಬರ್ತೀನಿ. ಆ ಖೋಡೀನ ಒಮ್ಮೆ ಮಾತಾಡಸ್ಬೇಕು."

"ಏ, ಹೋಗ್ಲಿ ಬಿಡು, ಪಾಪ," ಅಂದರು. ಆಗಲೇ ನನಗೆ ಹೊಳೆಯಬೇಕಿತ್ತು.

ಅಂಗಡಿ ನಮ್ಮ ರಸ್ತೆಯ ಕೊನೆಯಲ್ಲೇ. ಅವರು ಬೈಕಿನಲ್ಲಿ, ನಾನು ನಡೆದು. ಮಾಲೀಕ ಕಾಗದದ ಕಪ್ಪಿನಲ್ಲಿ ಟೀ ಕುಡಿಯುತ್ತಿದ್ದ. ಪಟ್ಟಿ ಕಟ್ಟಿದ ಕೈಯನ್ನು ಅವನ ಮುಖಕ್ಕೆ ಹಿಡಿದು, ಜೋಡಿಸಿಟ್ಟಿದ್ದನ್ನೆಲ್ಲ ಒಂದೇ ಉಸಿರಿಗೆ ಸುರಿದೆ. ಅವನು ನನ್ನ ಕೈ ನೋಡಿದ, ಇವರ ಮುಖ ನೋಡಿದ.

"ವೆನಕ ಎವರೂ ಕೂರ್ಚೋರು ಅನ್ನಾರು ಕದಾ ಸಾರ್!" ಅಂದ.

ಹಿಂದೆ ಯಾರೂ ಕೂರುವುದಿಲ್ಲ ಅಂದಿದ್ದಿರಲ್ಲ! ಅವನು ಟೈರು ಕೇಳಿಕೊಂಡು ಬಂದವರನ್ನೆಲ್ಲ ಮೊದಲು ಕೇಳುವುದೇ ಅದಂತೆ, ಹಿಂದೆ ಯಾರು ಕೂರುತ್ತಾರೆ ಅಂತ. ಕೂರುವವರಿದ್ದರೆ ಟ್ರ್ಯಾಕಿನ ಟೈರು ಬೇಡ ಅನ್ನುತ್ತಾನಂತೆ. ಇವರನ್ನೂ ಕೇಳಿದ್ದ.

ಯಾರೂ ಇಲ್ಲವಂತೆ! ಹಾಗಾದರೆ ಇಷ್ಟು ವರ್ಷ ಇವರ ಊಟದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳು ಯಾರು? ಬಸುರಿಯಾಗಿ, ಹೊಂಡ ಬಂದಾಗಲೆಲ್ಲ ಇವರ ಹೆಗಲು ಹಿಡಿದುಕೊಂಡು ಆಸ್ಪತ್ರೆಗೆ ಹೋದವಳು ಯಾರು, ದೆವ್ವವೇ?

"ಹಂಗಲ್ಲ... ಹಂಗ ಅನ್ನಲಿಲ್ಲ ಅಂದ್ರ ಅಂವ ಆ ಟೈರ್ ಕೊಡ್ತಿರಲಿಲ್ಲ," ಅಂದರು ಇವರು, ಕನ್ನಡದಲ್ಲಿ, ಸಣ್ಣ ದನಿಯಲ್ಲಿ. ನನ್ನ ಕಣ್ಣಲ್ಲಿ ನೀರು ಬಂತು. ಕೈ ಮುರಿದಾಗಲೂ ಅಷ್ಟು ನೋವಾಗಿರಲಿಲ್ಲ.

ಮಾಲೀಕ ಟೀ ಕೆಳಗಿಟ್ಟು, ರಸ್ತೆಯ ಟೈರೊಂದನ್ನು ಉರುಳಿಸಿಕೊಂಡು ಬಂದ. ಅಭ್ಯಾಸಬಲದಿಂದಲೋ ಏನೋ, ಮತ್ತೆ ಅದನ್ನೇ ಕೇಳಿದ: ಹಿಂದೆ ಯಾರು ಕೂರುತ್ತಾರೆ? ಇವರು ಹಲ್ಲು ಕಿರಿಯುತ್ತ ನನ್ನ ಕಡೆ ಕೈ ತೋರಿಸಿದರು.

"ಎವರೂ ಕೂರ್ಚೋರು," ಅಂದೆ ನಾನು. ಆಮೇಲೆ ಇವರ ಕಡೆ ತಿರುಗಿ, "ಇದ್ದ ಟೈರೇ ಇರಲಿ ಬಿಡ್ರಿ. ನೀವು ಹೇಳಿದ್ದು ಇವತ್ತಿನಿಂದ ಖರೇ ಆತು," ಅಂದೆ.

ಈಗ ನಾನು ಬಸ್ಸಿನಲ್ಲಿ ಹೋಗುತ್ತೇನೆ. ಇಲ್ಲಿ ಹೆಂಗಸರಿಗೆ ಪುಕ್ಕಟೆ, ಆದರೆ ಕಾಲಿಡಲು ಜಾಗವಿರುವುದಿಲ್ಲ. ಇವರು ದಿನಾ ಬಸ್‌ಸ್ಟಾಪಿನ ಹತ್ತಿರ ಬೈಕು ನಿಧಾನ ಮಾಡಿ, ಹಿಂದಿನ ಸೀಟನ್ನು ಅಂಗೈಯಿಂದ ಒರೆಸುತ್ತಾರೆ. ನಾನು ಬಸ್ಸು ಬರುವ ದಿಕ್ಕಿಗೆ ನೋಡುತ್ತ ನಿಂತಿರುತ್ತೇನೆ.