ಮೂರನೇ ಕೋಣೆಗೆ ಬರೆದ ಕಾರ್ಡು

ನನ್ನ ಬಾಯಿ ಜೋರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಡಾಕ್ಟರಿಗೆ ಹೆದರದ ರೋಗಿಗಳೂ ನನಗೆ ಹೆದರುತ್ತಿದ್ದರು. ಅದು ನನಗೆ ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು. ಎಪ್ಪತ್ತರ ದಶಕದ ನಡುವಿನಿಂದ ಎಂಬತ್ತರ ದಶಕ ಮುಗಿಯುವವರೆಗೆ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಕಡೆ ಸರ್ಕಾರಿ ನರ್ಸಾಗಿ ದುಡಿದವಳು ನಾನು. ಇದು ಯಾವ ಊರಿನಲ್ಲಿ ನಡೆಯಿತು ಎಂದು ಮಾತ್ರ ಹೇಳುವುದಿಲ್ಲ. ಇದರಲ್ಲಿ ಬರುವ ಬಾಡಿಗೆ ಮನೆಯ ಯಜಮಾನನ ಮೊಮ್ಮಕ್ಕಳು ಈಗಲೂ ಅಲ್ಲೇ ಇದ್ದಾರೆ, ಒಳ್ಳೆಯವರು. ಅವರನ್ನು ಯಾಕೆ ಬೀದಿಗೆ ಎಳೆಯಲಿ?

ಕ್ಷಯದವರಿಗೆ ಇಂಜೆಕ್ಷನ್ ಕೊಡುವುದು, ಮಾತ್ರೆ ಎಣಿಸಿ ಕೊಡುವುದು, ಅವರ ಹಳದಿ ಚೀಟಿಗಳನ್ನು ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ಮೊದಲ ಎರಡು ತಿಂಗಳು ದಿನಾ ಸೂಜಿ, ಜೊತೆಗೆ ಮಾತ್ರೆ, ಆಮೇಲೆ ಬರೀ ಮಾತ್ರೆ, ಒಟ್ಟು ಒಂದೂವರೆ ವರ್ಷ. ಚೀಟಿಗಳನ್ನು ಮರದ ಪೆಟ್ಟಿಗೆಯಲ್ಲಿ ತಾರೀಕಿನ ಪ್ರಕಾರ ನಿಲ್ಲಿಸಿಡುತ್ತಿದ್ದೆ. ಬಂದವರ ಚೀಟಿ ಮುಂದಿನ ದಿನಕ್ಕೆ ಹೋಗುತ್ತಿತ್ತು, ಬಾರದವರದ್ದು ಅಲ್ಲೇ ಉಳಿಯುತ್ತಿತ್ತು. ಮೂರು ದಿನ ಉಳಿದರೆ ರೋಗಿಯ ವಿಳಾಸಕ್ಕೆ ಒಂದು ಅಂಚೆ ಕಾರ್ಡು ಬರೆಯಬೇಕು. ಅದಕ್ಕೂ ತಿಂಗಳೊಳಗೆ ಬಾರದಿದ್ದರೆ ಚೀಟಿಯ ಮೇಲೆ ‘ತಾನಾಗಿ ಚಿಕಿತ್ಸೆ ಬಿಟ್ಟವರು’ ಎಂದು ಬರೆದು ಕೆಳಗಿನ ಖಾನೆಗೆ ಹಾಕಬೇಕು. ನಿಯಮ ತಪ್ಪಿದವಳಲ್ಲ ನಾನು. ಒಂದು ದಿನವೂ ತಪ್ಪಿದವಳಲ್ಲ.

ಮೊದಲನೆಯ ಹೆಂಗಸು ಬಂದದ್ದು ಒಂದು ಯುಗಾದಿ ಕಳೆದ ಮೇಲೆ. ಮೂವತ್ತು ದಾಟಿರಬಹುದು. ಶರಾವತಿ ಹಿನ್ನೀರಿನಲ್ಲಿ ಊರು ಮುಳುಗಿದಾಗ ಅಪ್ಪ ಅಮ್ಮನ ಜೊತೆ ಪೇಟೆಗೆ ಬಂದವಳು. ಇಬ್ಬರೂ ತೀರಿಕೊಂಡಿದ್ದರು. ಅಕ್ಕಿ ಗಿರಣಿಯ ಅಂಗಳದಲ್ಲಿ ಭತ್ತ ಹರವುವ ಕೆಲಸ. ವಿಳಾಸ ಕೇಳಿದ್ದಕ್ಕೆ ಸಾಮಿಲ್ಲಿನ ಹಿಂದಿನ ಸಾಲುಮನೆ, ಮೂರನೇ ಕೋಣೆ ಎಂದಳು. ಬರೆದುಕೊಂಡೆ. ನಲವತ್ತು ದಿನ ಒಂದೂ ಬಿಡದೆ ಸೂಜಿ ಹಾಕಿಸಿಕೊಂಡಳು. ಆಮೇಲೆ ಮೂರು ದಿನ ಬರಲಿಲ್ಲ. ನಾನು ಕಾರ್ಡು ಬರೆದೆ. ಆದರೂ ಬರಲಿಲ್ಲ.

ಮತ್ತೆ ಬಂದದ್ದು ಮಳೆ ಹಿಡಿದ ಮೇಲೆ. ಸೀರೆಯಿಂದ ನೀರು ಸೋರುತ್ತಿತ್ತು, ಕೆಮ್ಮಿ ಕೆಮ್ಮಿ ನಿಲ್ಲಲು ಆಗುತ್ತಿರಲಿಲ್ಲ. ನನಗೆ ಎಲ್ಲಿಲ್ಲದ ಸಿಟ್ಟು. ಸಾಲಿನಲ್ಲಿ ಹತ್ತು ಜನ ನಿಂತಿದ್ದಾರೆ ಎನ್ನುವುದನ್ನೂ ನೋಡಲಿಲ್ಲ. “ಸಾಯೋದೇ ಆದ್ರೆ ಮನೇಲೇ ಸಾಯಿ ಮಾರಾಯ್ತಿ! ಸರ್ಕಾರದ ಔಷಧಿ ಯಾಕೆ ಹಾಳು ಮಾಡ್ತೀಯ? ಇಲ್ಲಿ ಬೇಕು ಅಂತ ಬರೋರು ಬೇಕಾದಷ್ಟು ಜನ ಇದಾರೆ,” ಎಂದು ಬಾಯಿಗೆ ಬಂದಂತೆ ಬೈದೆ. ಡಾಕ್ಟರು ಮಧ್ಯಾಹ್ನ ಬರುತ್ತಾರೆ, ಅವರನ್ನೇ ಕಂಡು ಹೊಸದಾಗಿ ಬರೆಸಿಕೊಂಡು ಬಾ ಎಂದೆ. “ಆತು ನರ್ಸಮ್ಮ,” ಎಂದಳು, ಹೋದಳು.

ಹದಿನೈದು ದಿನಕ್ಕೆ ಬಸ್‌ಸ್ಟ್ಯಾಂಡಿನ ಜಗಲಿಯಿಂದ ಅವಳ ಹೆಣ ಆಸ್ಪತ್ರೆಗೆ ಬಂತು. ಬಟ್ಟೆ ಬಿಚ್ಚಿಸಿದವಳು ನಾನೇ. ಮೈಮೇಲಿನದೆಲ್ಲ ಒದ್ದೆ. ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಪ್ಲಾಸ್ಟಿಕ್ ಚೀಲವೊಂದು ಮಾತ್ರ ಒಣಗಿಕೊಂಡೇ ಇತ್ತು. ಅದರಲ್ಲಿ ನಾನು ಕೊಟ್ಟ ಮಾತ್ರೆಗಳ ಪೈಕಿ ಕೊನೆಯ ನಾಲ್ಕು ಉಳಿದಿದ್ದವು. ಔಷಧಿ ಬಿಟ್ಟವಳು ಮಾತ್ರೆಯನ್ನು ಇಷ್ಟು ಜೋಪಾನ ಮಾಡುತ್ತಾಳೆಯೇ ಎಂದು ಒಂದು ಗಳಿಗೆ ಅನ್ನಿಸಿತು. ಆದರೂ ಹೋಗಿ ಹಳದಿ ಚೀಟಿಯ ಮೇಲೆ ‘ತಾನಾಗಿ ಚಿಕಿತ್ಸೆ ಬಿಟ್ಟವರು’ ಎಂದು ಬರೆದು ಕೆಳಗಿನ ಖಾನೆಗೆ ಹಾಕಿದೆ.

ಅವತ್ತಿನಿಂದ ಬೆಳಿಗ್ಗೆ ಬಾಗಿಲು ತೆಗೆಯುವಾಗ ನನಗೊಂದು ಅಭ್ಯಾಸ ಅಂಟಿಕೊಂಡಿತು. ಸಾಲಿನ ಕೊನೆಯನ್ನು ಮೊದಲು ನೋಡುವುದು. ಅಲ್ಲಿ ಯಾರಾದರೂ ಒದ್ದೆ ಸೀರೆಯವಳು ನಿಂತಿದ್ದರೆ ಅವಳ ಮುಖ ಕಾಣುವವರೆಗೆ ಬಾಗಿಲು ಪೂರ್ತಿ ತೆಗೆಯುತ್ತಿರಲಿಲ್ಲ. ಸತ್ತವಳು ನಿಂತಿರುವುದಿಲ್ಲ ಎಂದು ಗೊತ್ತಿಲ್ಲದ ದಡ್ಡಿಯೇನಲ್ಲ ನಾನು. ಆದರೂ ನೋಡುತ್ತಿದ್ದೆ.

ಮರುವರ್ಷ ಇನ್ನೊಬ್ಬಳು ಬಂದಳು. ಅವಳೂ ಅದೇ ಗಿರಣಿಯವಳು, ಅವಳೂ ಮುಳುಗಡೆಯವಳು, ಗಂಡನಿಲ್ಲದವಳು. ವಿಳಾಸ ಹೇಳಿದಳು, ಬರೆದುಕೊಂಡೆ. ದಿನಕ್ಕೆ ಎಷ್ಟೋ ವಿಳಾಸ ಬರೆಯುವ ಕೈಗೆ ಅದು ನೆನಪಾಗಲಿಲ್ಲ. ತಿಂಗಳಾದ ಮೇಲೆ ಗಿರಣಿಯಲ್ಲಿ ಕೆಲಸ ಜಾಸ್ತಿಯೆಂದು ಅವಳೂ ಮೂರು ದಿನ ತಪ್ಪಿಸಿಕೊಂಡಳು. ಕಾರ್ಡು ಬರೆದೆ. ವಾರ ಕಳೆದು, ಮೊದಲ ಮಳೆ ಬಿದ್ದ ಮಾರನೇ ದಿನ ಬಂದಳು. ಅದೇ ಒದ್ದೆ ಸೀರೆ, ಅದೇ ಕೆಮ್ಮು. ನನಗೆ ಹೆದರಿಕೆಯಾಯಿತು. ಹೆದರಿಕೆಯಾದರೆ ನನಗೆ ಬರುವುದು ಸಿಟ್ಟೇ. ಶುರುಮಾಡಿಕೊಂಡೆ.

ಅವತ್ತು ಬಾಗಿಲ ಹತ್ತಿರ ಒಬ್ಬ ವಕೀಲರು ನಿಂತಿದ್ದರು. ಯಾವುದೋ ಹೊಡೆದಾಟದ ಕೇಸಿಗೆ ಗಾಯದ ಸರ್ಟಿಫಿಕೇಟು ಬೇಕೆಂದು ಬಂದವರು. ಕಪ್ಪು ಕೋಟು ಮಾಸಿ ಬೂದಿ ಬಣ್ಣಕ್ಕೆ ತಿರುಗಿತ್ತು. ಬಡವರಿಗೆ ಪುಕ್ಕಟೆ ವಕೀಲರನ್ನು ಕೊಡುವ ಏರ್ಪಾಡು ಆಗಿನ್ನೂ ಹೊಸದು. ಅದಕ್ಕೆ ಹೆಸರು ಕೊಟ್ಟಿದ್ದ ಇಬ್ಬರು ಮೂವರಲ್ಲಿ ಇವರೊಬ್ಬರು. ನನ್ನ ಬೈಗುಳ ಮುಗಿಯುವವರೆಗೂ ಕಾದು, ಅವಳನ್ನು ಕೇಳಿದರು, “ರಾತ್ರಿ ಎಲ್ಲಿ ಮಲಗ್ತೀಯಮ್ಮ?”

“ಎಲ್ಲಾದ್ರೂ,” ಎಂದಳು. “ಹೆಂಚು ಇಳ್ಸಿದ್ರಲ್ಲ.”

ನನಗೆ ಅರ್ಥವಾಗಲಿಲ್ಲ. ವಕೀಲರು ಬಿಡಿಸಿ ಬಿಡಿಸಿ ಕೇಳಿದರು. ಮಳೆಗಾಲಕ್ಕೆ ಮೊದಲು ಹೆಂಚು ಕೈಯಾಡಿಸುವುದು ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇದ್ದದ್ದೇ. ಇಳಿಸಿ, ಒಡೆದದ್ದು ಬದಲಾಯಿಸಿ, ಮತ್ತೆ ಹೊದಿಸುತ್ತಾರೆ. ಇವಳ ಕೋಣೆಯ ಹೆಂಚನ್ನು ಯಜಮಾನ ಇಳಿಸಿದವನು ಮತ್ತೆ ಹೊದಿಸಿಯೇ ಇರಲಿಲ್ಲ.

“ಕೇಳ್ಲಿಲ್ವಾ ನೀನು?” ಎಂದರು ವಕೀಲರು.

“ಎಂತ ಕೇಳದು? ನೀರು ಬಂದಾಗ ನಮ್ಮಪ್ಪನೇ ಹತ್ತಿ ಹೆಂಚು ಇಳ್ಸಿದ್ದ. ಗಾಡಿಗೆ ತುಂಬ್ಕಂಡು ಬಂದ್ವಿ. ಹೆಂಚು ಇಳೀತು ಅಂದ್ರೆ ಆ ಮನೆ ಮುಗೀತು ಅಂತ್ಲೇ. ನಂಗಿಂತ ಮುಂಚೆ ಅಲ್ಲಿದ್ದೋಳಿಗೂ ಹಿಂಗೇ ಇಳ್ಸಿದ್ರಂತೆ. ಅವ್ಳೂ ಸುಮ್ನೆ ಎದ್ದು ಹೋದ್ಲಂತೆ.”

ಕೆಳಗಿನ ಖಾನೆ ಎಳೆದೆ. ಹಳೆಯ ಚೀಟಿ ಸಿಕ್ಕಿತು. ಸಾಮಿಲ್ಲಿನ ಹಿಂದಿನ ಸಾಲುಮನೆ, ಮೂರನೇ ಕೋಣೆ. ಎರಡೂ ನನ್ನದೇ ಕೈಬರಹ. ಹಿಂದಿನ ವರ್ಷ ಮಳೆಯಲ್ಲಿ ನೆನೆದು ನನ್ನೆದುರು ನಿಂತಿದ್ದವಳಿಗೆ ಸಾಯೋದಾದರೆ ಮನೆಯಲ್ಲೇ ಸಾಯಿ ಎಂದಿದ್ದೆನಲ್ಲ! ಅವಳಿಗೆ ಮನೆಯೇ ಇರಲಿಲ್ಲ. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ.

ವಕೀಲರು ನನ್ನನ್ನು ಸಮಾಧಾನ ಮಾಡಲು ಹೋಗಲಿಲ್ಲ. “ತಲೆ ಮೇಲೆ ಸೂರಿಲ್ದೆ ನಿಮ್ಮ ಇಂಜೆಕ್ಷನ್ ಏನು ಕೆಲಸ ಮಾಡುತ್ತೆ ಸಿಸ್ಟರ್?” ಎಂದು ಕೇಳಿದರು. ಆಮೇಲೆ ಅವಳ ಕಡೆ ತಿರುಗಿ, “ಅಮ್ಮಾ, ಅವತ್ತು ನಿಮ್ಮನ್ನ ಎಬ್ಬಿಸಿದ್ದು ಹೊಳೆ ನೀರು, ಸರ್ಕಾರ. ಇದು ಬಾಡಿಗೆ ಮನೆ. ಕೋರ್ಟಿನ ಹುಕುಂ ಇಲ್ದೆ ನಿನ್ನನ್ನ ಹೊರಗೆ ಹಾಕೋ ಹಕ್ಕು ಯಾವ ಯಜಮಾನನಿಗೂ ಇಲ್ಲ,” ಎಂದರು. ಅವಳು ನಂಬಲಿಲ್ಲ. ಕೋರ್ಟು ಅಂದರೆ ಜೈಲು ಎಂದೇ ಅವಳ ಲೆಕ್ಕ. “ನಾನೆಂತ ತಪ್ಪು ಮಾಡಿದೀನಿ?” ಎಂದು ಅಳಲು ಶುರುಮಾಡಿದಳು. ನಾನು ಎದ್ದೆ. “ಅರ್ಜಿಗೆ ಹೆಬ್ಬೆಟ್ಟು ಒತ್ತು. ನಾನಿದೀನಿ,” ಎಂದೆ. ಆಸ್ಪತ್ರೆಯ ಹಿಂದಿನ ಜಗಲಿಯಲ್ಲಿ ಅವಳಿಗೊಂದು ಮಂಚ ಹಾಕಿಸಲು ಡಾಕ್ಟರ ಹತ್ತಿರ ಜಗಳವಾಡಿದೆ. ಹದಿನೈದು ದಿನಕ್ಕೆ ಒಪ್ಪಿದರು. ಅಷ್ಟರೊಳಗೆ ಸೂರು ಸಿಗದಿದ್ದರೆ ಅವಳೂ ಬಸ್‌ಸ್ಟ್ಯಾಂಡಿಗೇ ಹೋಗುವವಳು. ಆಮೇಲೆ ಎಷ್ಟು ದಿನ ಎಂದು ನನಗೆ ಗೊತ್ತಿತ್ತು.

ಯಜಮಾನ ಕೋರ್ಟಿನಲ್ಲಿ ಒಂದೇ ಮಾತು ಹಿಡಿದ. ಈ ಹೆಂಗಸು ಯಾರೋ ತನಗೆ ಗೊತ್ತಿಲ್ಲ, ಕೋಣೆ ಖಾಲಿ ಬಿದ್ದು ವರ್ಷವಾಯಿತು. ಬಾಡಿಗೆಗೆ ರಸೀದಿ ಕೊಟ್ಟವನೇ ಅಲ್ಲ ಅವನು. ಅವಳು ಅಲ್ಲಿದ್ದಳು ಎನ್ನಲು ನಮ್ಮ ವಕೀಲರ ಕೈಯಲ್ಲಿದ್ದದ್ದು ನನ್ನ ಹಳದಿ ಚೀಟಿ ಒಂದೇ. ಅದನ್ನು ಹಿಡಿದುಕೊಂಡು ನಾನು ಕಟಕಟೆಗೆ ಹತ್ತಿದೆ. ಎದುರು ಕಡೆಯ ವಕೀಲರು ನಿಧಾನವಾಗಿ ಕೇಳಿದರು, “ವಿಳಾಸ ಅವಳು ಹೇಳಿದ್ದು, ನೀವು ಬರೆದದ್ದು. ಹೋಗಿ ನೋಡಿದ್ದೀರಾ?”

ಇಲ್ಲ ಎಂದೆ. ಆಸ್ಪತ್ರೆಯಿಂದ ಆ ಸಾಲುಮನೆಗೆ ಐದು ನಿಮಿಷದ ಹಾದಿ. ಎರಡು ವರ್ಷದಲ್ಲಿ ಒಮ್ಮೆಯೂ ಹೋಗಿರಲಿಲ್ಲ.

ಕೇಸು ಬಿದ್ದೇ ಹೋಯಿತು ಎಂದುಕೊಂಡೆ. ಆಗ ಆ ಯಜಮಾನನಿಗೆ ಏನನ್ನಿಸಿತೋ, ತಡೆದುಕೊಳ್ಳಲಾರದೆ ಎದ್ದು ನಿಂತ. “ಸ್ವಾಮೀ, ಕ್ಷಯದವಳು ಇವಳು! ಪಕ್ಕದ ಕೋಣೆಗಳಲ್ಲಿ ಮಕ್ಕಳಿದಾರೆ. ನಾನು ಸುಳ್ಳು ಹೇಳ್ತಿಲ್ಲ, ಆಸ್ಪತ್ರೆಯವ್ರೇ ಬರೆದಿದಾರೆ ನೋಡಿ,” ಎಂದು ಅಂಗಿಯ ಜೇಬಿನಿಂದ ಒಂದು ಅಂಚೆ ಕಾರ್ಡು ತೆಗೆದು ಎತ್ತಿ ಹಿಡಿದ. ಅವನ ವಕೀಲರು ಹಣೆಗೆ ಕೈ ಹಚ್ಚಿಕೊಂಡರು.

ಮುನ್ಸೀಫರು ಕಾರ್ಡನ್ನು ನನ್ನ ಕೈಗೆ ಕೊಡಿಸಿ, ಓದಿ ಎಂದರು. ನಾನೇ ಬರೆದದ್ದು. ಕ್ಷಯರೋಗದ ಇಂಜೆಕ್ಷನ್ನಿಗೆ ಮೂರು ದಿನದಿಂದ ಬಂದಿಲ್ಲ, ಕೂಡಲೇ ಬರತಕ್ಕದ್ದು. ಕೆಳಗೆ ಅವಳ ಹೆಸರು, ಮೂರನೇ ಕೋಣೆ. ಇದು ನಿನ್ನ ಕೈಗೆ ಹೇಗೆ ಬಂತು ಎಂದು ಮುನ್ಸೀಫರು ಅವನನ್ನು ಕೇಳಿದರು. ಸಾಲುಮನೆಯ ಟಪಾಲೆಲ್ಲ ಪೋಸ್ಟ್‌ಮ್ಯಾನ್ ತನ್ನ ಅಂಗಡಿಗೇ ಕೊಡುವುದು, ತಾನೇ ಓದಿ ಆಯಾ ಕೋಣೆಯವರಿಗೆ ಹೇಳುವುದು ಎಂದ. ಹಾಗಾದರೆ ಇವಳು ಮೂರನೇ ಕೋಣೆಯಲ್ಲಿ ಇದ್ದಳು ಎಂದಾಯಿತಲ್ಲ ಎಂದರು ಮುನ್ಸೀಫರು.

ಎರಡು ದಿನದೊಳಗೆ ಹೆಂಚು ಹೊದಿಸಬೇಕು, ಕೋರ್ಟಿನ ಅಮೀನ ನಿಂತು ನೋಡಬೇಕು ಎಂದು ಹುಕುಂ ಆಯಿತು. ವಕೀಲರ ಮುಖ ಅರಳಿತು. ಆ ಹೆಂಗಸಿಗೆ ಏನಾಯಿತೆಂದೇ ತಿಳಿಯಲಿಲ್ಲ. ನನ್ನ ಕಾರ್ಡು ಓದಿದರು, ಮನೆ ಕೊಟ್ಟರು, ಅಷ್ಟೇ ಅವಳಿಗೆ ಕಂಡದ್ದು. ನಾನು ನೆಟ್ಟಗೆ ಆಸ್ಪತ್ರೆಗೆ ಹೋಗಿ ಮತ್ತೆ ಕೆಳಗಿನ ಖಾನೆ ಎಳೆದೆ. ಹೆಂಚು ಇಳಿದದ್ದು ಕೈಯಾಡಿಸುವುದಕ್ಕಲ್ಲ. ಇಳಿದದ್ದು ನನ್ನ ಕಾರ್ಡಿನಿಂದ. ಹಿಂದಿನ ವರ್ಷದ ಚೀಟಿಯ ಮೇಲೂ ‘ಕಾರ್ಡು ಬರೆಯಲಾಗಿದೆ’ ಎಂದು ನಾನೇ ಬರೆದಿದ್ದೆ. ಮೂರು ದಿನ ತಪ್ಪಿಸಿದವಳನ್ನು ಬಾ ಎಂದು ಕರೆಯಲು ಬರೆದ ಕಾರ್ಡು ಅವಳ ತಲೆಯ ಮೇಲಿನ ಸೂರು ತೆಗೆಸಿತ್ತು. ಆಮೇಲೆ ಅವಳು ಯಾಕೆ ಬರಲಿಲ್ಲವೆಂದು ನಾನೇ ಬೈದಿದ್ದೆ.

ಅಲ್ಲಿಂದ ಮುಂದೆ ಕಾರ್ಡು ಬರೆಯುವುದನ್ನು ಬಿಟ್ಟೆ. ಬಾರದವರ ಮನೆಗೆ ನಾನೇ ಹೋಗತೊಡಗಿದೆ. ಆಗದಿದ್ದರೆ ಲಕೋಟೆ ಅಂಟಿಸಿ ಕಳಿಸುತ್ತಿದ್ದೆ. ನಿಯಮ ಹಾಗಿಲ್ಲ ಎಂದು ಡಾಕ್ಟರು ಗೊಣಗಿದರು, ಗೊಣಗಲಿ. ವಕೀಲರು ಶನಿವಾರಗಳಲ್ಲಿ ಕೋರ್ಟು ಮುಗಿಸಿ ನಮ್ಮ ಜಗಲಿಯ ಬೆಂಚಿನ ಮೇಲೆ ಕೂರುವುದು ರೂಢಿಯಾಯಿತು. ಕೆಮ್ಮುತ್ತಾಳೆಂದು ಗಿರಣಿಯಿಂದ ಬಿಡಿಸಿದ್ದ ಬೇರೊಬ್ಬಳಿಗೆ ಮತ್ತೆ ಕೆಲಸ ಸಿಕ್ಕಿತು. ಗಂಡ ಮನೆಯಿಂದ ಹೊರಗೆ ಹಾಕಿದ್ದ ಬಾಣಂತಿಯೊಬ್ಬಳು ಜೀವನಾಂಶದ ಹುಕುಂ ಹಿಡಿದುಕೊಂಡು ಬಂದಾಗ ಅವಳ ಮಗು ಅರ್ಧ ಸೇರು ತೂಕ ಹೆಚ್ಚಿತ್ತು. ಔಷಧಿ ಅದೇ, ಸೂಜಿ ಅದೇ, ಕೈಯೂ ನನ್ನದೇ. ಆದರೆ ಈಗ ಜನ ಗುಣವಾಗುತ್ತಿದ್ದರು. ಸಂತೋಷವಾಗುತ್ತಿತ್ತು, ಇಲ್ಲವೆನ್ನುವುದಿಲ್ಲ. ಪ್ರತಿ ಸಲವೂ ಅದರ ಹಿಂದೆಯೇ ಆ ಮೊದಲನೆಯವಳೂ ಕಣ್ಣ ಮುಂದೆ ಬಂದು ನಿಲ್ಲುತ್ತಿದ್ದಳು. ಈಗಲೂ ಎಲ್ಲಾದರೂ ಹಳೇ ಮನೆಯ ಮೇಲೆ ಹೆಂಚು ಸರಿಸುವ ಸದ್ದು ಕೇಳಿದರೆ ನನಗೆ ಅಲ್ಲಿ ನಿಲ್ಲಲಾಗುವುದಿಲ್ಲ.

ಎರಡನೆಯವಳು ಉಳಿದಳು. ಹೆಂಚು ಹೊದಿಸಿದ ಮೇಲೆ ಒಂದೂವರೆ ವರ್ಷ, ಒಂದು ದಿನವೂ ತಪ್ಪಿಸಲಿಲ್ಲ. ಕಫದಲ್ಲಿ ಏನೂ ಇಲ್ಲ ಎಂದು ಬರೆದು ಅವಳ ಚೀಟಿ ಮುಗಿಸಿದ ದಿನ, ಕೆನ್ನೆ ತುಂಬಿಕೊಂಡು, ಹೊಸ ಸೀರೆ ಉಟ್ಟು ಬಂದಿದ್ದಳು. ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ, “ನರ್ಸಮ್ಮನ ಕಾರ್ಡಿಂದ್ಲೇ ನಂಗೆ ಮನೆ ಸಿಕ್ಕಿದ್ದು, ಜೀವ ಉಳಿದಿದ್ದು,” ಎಂದು ಹೇಳಿಕೊಂಡಳು. ಸಾಕು ಹೋಗೇ ಎಂದು ಗದರಿದೆ. ಹೋಗಲಿಲ್ಲ. ಹತ್ತಿರ ಬಂದು ದನಿ ಇಳಿಸಿದಳು.

“ನಂಗಿಂತ ಮುಂಚೆ ಆ ಕೋಣೇಲಿದ್ಲಲ್ಲ ನರ್ಸಮ್ಮ, ಪಾಪ. ಅವ್ಳಿಗೂ ನೀವೊಂದು ಕಾರ್ಡು ಬರ್ದಿದ್ರೆ ಉಳೀತಿದ್ಲು.”

“ಬರೆದಿದ್ದೆ ಮಾರಾಯ್ತಿ,” ಎಂದೆ.

“ಹಂಗಾರೆ ಮುಟ್ಟಿಲ್ಲ ಕಾಣ್ತದೆ,” ಎಂದಳು.

“ಹೌದು,” ಎಂದೆ. “ಮುಟ್ಟಿಲ್ಲ.”