ಪಿಯಸೀಲಿಯ ತೆಳ್ಳನೆ ಗಂಜಿ

ಲಂಕೆಯ ಕುರುಣೇಗಲದ ಕೆರೆ ಇನ್ನೂ ಎದ್ದಿಲ್ಲ. ಮಂಜು ನೀರಿನ ಮೇಲೆ ಮಗ್ಗುಲು ಬದಲಿಸುತ್ತಿದೆ. ಊರ ಮೇಲಿನ ಆನೆಬಂಡೆ ಅರ್ಧ ಕಲ್ಲು, ಅರ್ಧ ಮೋಡ. ಏರಿಯ ಮೇಲೆ ಗಂಜಿ ಮಾರುವ ಪಿಯಸೀಲಿ ಮಡಕೆಯ ಮುಚ್ಚಳ ತೆಗೆಯುತ್ತಾರೆ. ಒಂದೆಲಗದ ಹಸಿರು ಹಬೆ ಮಂಜಿಗೆ ಸೇರಿ, ಎಲ್ಲಿ ಗಂಜಿ ಮುಗಿದು ಎಲ್ಲಿ ಬೆಳಗು ಶುರುವಾಯಿತೆಂದು ತಿಳಿಯುವುದಿಲ್ಲ.

ಮಂಜಿನೊಳಗಿಂದ ಒಬ್ಬೊಬ್ಬರೇ ಮೂಡುತ್ತಾರೆ. ಹೆಚ್ಚಿನವರು ಡಾಕ್ಟರರ ಅಪ್ಪಣೆಯಂತೆ ನಡೆಯಲು ಬಂದ ಸಕ್ಕರೆ ಕಾಯಿಲೆಯವರು. ಸೊಪ್ಪಿನ ಗಂಜಿಯನ್ನು ಎಡಗೈಯಲ್ಲಿ ಬೆಲ್ಲದ ತುಂಡು ಹಿಡಿದು, ಕಚ್ಚುತ್ತ ಕುಡಿಯುವುದು ಲಂಕೆಯ ರೂಢಿ. ಇವರು ಬೆಲ್ಲ ಬಿಟ್ಟಿದ್ದಾರೆ, ರೂಢಿ ಬಿಟ್ಟಿಲ್ಲ: ಖಾಲಿ ಎಡಗೈ ಮುಷ್ಟಿ ಕಟ್ಟಿಯೇ ಇರುತ್ತದೆ. ಅಷ್ಟು ದೊಡ್ಡ ತ್ಯಾಗಕ್ಕೆ ಪರಿಹಾರವೆಂಬಂತೆ ತೆಂಗಿನಕಾಯಿಯ ಗಟ್ಟಿ ಹಾಲು ಮಾತ್ರ ಧಾರಾಳವಾಗಿ ಬೀಳಬೇಕು. ಪಿಯಸೀಲಿ ಹಾಗೇ ಹಾಕುತ್ತಿದ್ದರು. ಗಂಡ ವಿಮಲಸೇನ ಹಾಗೇ ಕುಡಿಯುತ್ತಿದ್ದರು.

"ವರ್ಷಗಟ್ಟಲೆ ಬೆಲ್ಲ ಮುಟ್ಲಿಲ್ಲ ನಮ್ಮನೆಯವ್ರು. ಹೋಗಿದ್ದು ಹಾರ್ಟಲ್ಲಿ" ಎನ್ನುತ್ತಾರೆ ಪಕ್ಕದಲ್ಲಿ ಕೂತ ನನಗೆ, ಸೌಟು ತಿರುಗಿಸುತ್ತ. "ಸಕ್ಕರೆ ಇರೋರಿಗೆ ಹೃದಯದ ಭಯ ಜಾಸ್ತಿ, ಜಿಡ್ಡೂ ಕಮ್ಮಿ ಮಾಡ್ಬೇಕಮ್ಮ ಅಂದ್ರು ಆಮೇಲೆ ನರ್ಸು. ನಾನು ಕೈಯಾರೆ ಹಿಂಡಿ ಹಿಂಡಿ ಕೊಟ್ಟಿದ್ದೆ."

ಅಂದಿನಿಂದ ಮಡಕೆಗೆ ಮೂರನೆಯ ಸಲ ಹಿಂಡಿದ, ನೀರಿನಂಥ ಹಾಲು, ಅದೂ ಚೂರೇಚೂರು. ಗಿರಾಕಿ ಅರ್ಧಕ್ಕಿಳಿದಿದ್ದಾರೆ. ಏರಿಯ ಆಚೆ ತುದಿಗೆ ಗಟ್ಟಿ ಹಾಲಿನ ಇನ್ನೊಂದು ಮಡಕೆ ಬಂದು ಕೂತಿದೆ.

ಜಿನದಾಸ ಬರುತ್ತಾರೆ. ನಿವೃತ್ತ ಬಸ್ ಚಾಲಕರು; ಹೋದ ತಿಂಗಳು ಎದೆನೋವಿನಿಂದ ಆಸ್ಪತ್ರೆ ಕಂಡು ಬಂದವರು.

"ಏನ್ ತಂಗಿ, ಕೆರೆ ನೀರು ಮೊಗ್ದು ತಂದ್ಯಾ?"

"ಕೆರೆ ನೀರಿಗೆ ದುಡ್ಡು ತಗೊಳ್ತೀನಾ ಅಯ್ಯಾ? ಕುಡೀರಿ."

"ತೆಂಗಿನಕಾಯಲ್ಲಿ ಕೊಲೆಸ್ಟರಾಲೇ ಇಲ್ವಂತೆ. ನಮ್ಮಳಿಯ ಹೇಳ್ದ."

"ಕಾಯಲ್ಲಿಲ್ಲ. ಅದರ ಜಿಡ್ಡು ನಿಮ್ಮ ರಕ್ತದಲ್ಲಿ ಏರ್ಸುತ್ತಂತೆ. ಅಳಿಯ ಅದು ಹೇಳ್ಲಿಲ್ವಾ?"

"ಬೆಲ್ಲ ಬಿಡು ಅಂದ್ರು, ಬಿಟ್ಟೆ. ಈಗ ಹಾಲು ಬಿಡು ಅಂತೀಯ. ನಾಳೆ ಉಸಿರು ಬಿಡು ಅಂತೀಯಾ?"

"ಅದೊಂದು ಬಿಡ್ಬೇಡಿ ಅಂತಾನೇ ಇಷ್ಟೆಲ್ಲ."

ಜಿನದಾಸ ಮುಖ ಕಿವಿಚಿ ಲೋಟ ಬರಿದು ಮಾಡುತ್ತಾರೆ. "ನಾಳೆಯಿಂದ ಆಚೆ ಮಡಕೇಗೇ ಹೋಗ್ತೀನಿ, ನೋಡ್ತಿರು!" ಎಂದು ಗುಡುಗಿ ಮಂಜಿನಲ್ಲಿ ಕರಗುತ್ತಾರೆ. ಆಸ್ಪತ್ರೆಯಿಂದ ಬಂದಾಗಿನಿಂದ ದಿನವೂ ಇದೇ ಬೆದರಿಕೆ.

ಹೀಗೇ ಆದರೆ ಮಡಕೆ ಮಗುಚಬೇಕಾದೀತಲ್ಲ ಎಂದೆ ನಾನು.

"ಮಗುಚಿದ್ರೆ ಮಗುಚ್ಲಿ, ಇಡ್ಲಿ ಬೇಯಿಸ್ತೀನಿ" ಎಂದು ನಕ್ಕವರು, ಜಿನದಾಸ ಹೋದ ದಿಕ್ಕನ್ನೇ ನೋಡುತ್ತಾರೆ. "ಆದ್ರೆ ಆ ಮನುಷ್ಯ ಬೈಯಕ್ಕಾದ್ರೂ ದಿನಾ ಬರ್ಲಿ. ಬೆಳಗ್ಗೆ ಆ ಬೈಗುಳ ಕೇಳಿಸೋವರೆಗೂ ನಾನು ಒಂದು ಗುಟುಕು ಕುಡಿಯಲ್ಲ."