ಮೂರು ನಿಮಿಷದ ಮೇಷ್ಟ್ರು

ಗಾಲ್ಫ್ ಆಟದಲ್ಲಿ ಕಳೆದುಹೋದ ಚೆಂಡನ್ನು ಹುಡುಕಲು ಮೂರು ನಿಮಿಷ ಕೊಡುತ್ತಾರೆ. ಮೊದಲು ಐದು ಇತ್ತು, ಆಮೇಲೆ ಇಳಿಸಿದರು. ಅಷ್ಟರೊಳಗೆ ಸಿಕ್ಕರೆ ಬಿದ್ದಲ್ಲಿಂದಲೇ ಮುಂದಕ್ಕೆ ಹೊಡೆಯಬಹುದು. ಸಿಗಲಿಲ್ಲವೋ, ಒಂದು ಹೊಡೆತ ದಂಡ. ಜೊತೆಗೆ ಮೊದಲು ನಿಂತಿದ್ದ ಜಾಗಕ್ಕೇ ವಾಪಸು ನಡೆದು ಹೊಸ ಚೆಂಡು ಹೊಡೆಯಬೇಕು. ಚೆಂಡು ಯಾರದೇ ಇರಲಿ, ಜೊತೆಗಾರರೆಲ್ಲ ಸೇರಿ ಹುಡುಕುವುದು ಮರ್ಯಾದೆ. ಈ ನಿಯಮ ಮಾಡಿದವರು ಮೈಸೂರಿನವರಲ್ಲ ಎಂಬುದು ನನಗೆ ಮೊದಲ ಭಾನುವಾರವೇ ಗೊತ್ತಾಯಿತು.

ನಮ್ಮ ಕಡೆ ಯಾರದಾದರೂ ವಸ್ತು ಕಳೆದರೆ, ಹುಡುಕಲು ಬಂದವರು ತಾವಾಗಿ ಕೈಬಿಡುವ ಹಾಗಿಲ್ಲ. ಕಳೆದುಕೊಂಡವರೇ "ಹೋಗ್ಲಿ ಬುಡಿ" ಅನ್ನಬೇಕು. ಆದರೆ ಇಷ್ಟು ಜನ ನನಗಾಗಿ ಸೊಂಟ ಬಗ್ಗಿಸಿರುವಾಗ ನಾನೇ ಹೇಗೆ ಸಾಕು ಅನ್ನಲಿ ಎಂದು ಅವರಿಗೂ ಸಂಕೋಚ. ಹೀಗಾಗಿ ಯಾರೂ ನಿಲ್ಲಿಸುವುದಿಲ್ಲ. ಆ ಭಾನುವಾರ ನಮ್ಮ ತಂಡದ ಲಾಯರ ಚೆಂಡನ್ನು ಇಪ್ಪತ್ತು ನಿಮಿಷ ಹುಡುಕಿದೆವು. ಹಿಂದೆ ಎರಡು ತಂಡಗಳು ಬಂದು ನಿಂತವು. ಸುಮ್ಮನೆ ನಿಂತು ನೋಡುವುದು ಚೆನ್ನಾಗಿರುವುದಿಲ್ಲವೆಂದು ಅವರೂ ಬಂದು ಪೊದೆಗೆ ಇಳಿದರು. ಕೊನೆಗೆ ಬೇರೆಯವರ ನಾಲ್ಕು ಚೆಂಡುಗಳೂ ಕನ್ನಡಕದ ಒಂದು ಗಾಜೂ ಸಿಕ್ಕವು. ಲಾಯರ ಚೆಂಡು ಸಿಗಲಿಲ್ಲ.

ನಮ್ಮದು ಮೂವರ ತಂಡ. ನಾನು ಕುಂಬಾರಕೊಪ್ಪಲಿನವನು, ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಪಾಳಿ ನೋಡಿಕೊಂಡು ನಿವೃತ್ತನಾದವನು. ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿದ್ದರು. ನಮ್ಮ ವಂಶದಲ್ಲಿ ಯಾರೂ ಬರಿಗೈಯಲ್ಲಿ ನಡೆದವರಲ್ಲ. ಕುಡುಗೋಲೋ ಹಗ್ಗವೋ ಕೈಯಲ್ಲಿ ಇರುತ್ತಿತ್ತು. ಬರಿಗೈಯಲ್ಲಿ ಪಾರ್ಕು ಸುತ್ತಲು ನಾಚಿಕೆಯಾಗಿ ಗಾಲ್ಫಿಗೆ ಸೇರಿದೆ. ಎರಡನೆಯವರು ಲಾಯರು. ಮೂರನೆಯವರು ಬನ್ನಿಮಂಟಪದ ಮೇಷ್ಟ್ರು, ಹೈಸ್ಕೂಲಿನ ಹೆಡ್‌ಮಾಸ್ಟರಾಗಿದ್ದವರು. ಭಾನುವಾರ ಚರ್ಚಿನಲ್ಲಿ ಬೆಳಗಿನ ಮೊದಲ ಪೂಜೆ ಮುಗಿಸಿಕೊಂಡು ನೇರ ಮೈದಾನಕ್ಕೆ ಬರುತ್ತಿದ್ದರು. ಪರೀಕ್ಷೆಯ ಗಂಟೆ ಹೊಡೆದ ಮೇಲೆ ಅರ್ಧ ಅಕ್ಷರ ಬರೆಯಲೂ ಬಿಡದೆ ಉತ್ತರಪತ್ರಿಕೆ ಕಿತ್ತುಕೊಳ್ಳುತ್ತಿದ್ದರು ಎಂದು ಅವರ ಹಳೆಯ ವಿದ್ಯಾರ್ಥಿಗಳು ಇವತ್ತಿಗೂ ಹೇಳುತ್ತಾರೆ.

ಇಪ್ಪತ್ತು ನಿಮಿಷದ ಆ ಹುಡುಕಾಟದ ಮರುವಾರವೇ ನಾನೂ ಲಾಯರೂ ಸೇರಿ ಟೈಮ್ ಹೇಳುವ ಕೆಲಸವನ್ನು ಮೇಷ್ಟ್ರಿಗೆ ಒಪ್ಪಿಸಿದೆವು. ಮೂರನೆಯವರು ನಿಲ್ಲಿಸಿದರೆ ಕಳೆದುಕೊಂಡವರಿಗೂ ಬೇಸರವಿಲ್ಲ, ಹುಡುಕುವವರಿಗೂ ಅವಮಾನವಿಲ್ಲ. ಅವರು ವಾಚು ನೋಡಿ, "ಆಯ್ತು ಕಣ್ರೀ, ಮೂರು ನಿಮಿಷ. ನಡೀರಿ" ಅನ್ನುತ್ತಿದ್ದರು. ಅವರ ಚೆಂಡೇ ಕಳೆದಿದ್ದಾಗಲೂ ಅದೇ ದನಿ, ಅದೇ ಮಾತು. ಒಮ್ಮೆ ನನ್ನ ಚೆಂಡು ಕಣ್ಣಿಗೆ ಬಿದ್ದು ನಾನು ಕೈ ತೋರಿಸುವಷ್ಟರಲ್ಲಿ ಅವರ ಬಾಯಿಂದ "ಆಯ್ತು" ಬಂದಿತ್ತು. ಆ ಚೆಂಡನ್ನು ಜೇಬಿಗೆ ಹಾಕಿಕೊಂಡು ವಾಪಸು ನಡೆದೆ. ಎರಡು ವಾರ ಅವರೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಅದು ಅವರ ಗಮನಕ್ಕೇ ಬರಲಿಲ್ಲ.

ಹೀಗೆ ಆರು ವರ್ಷ ಆಡಿದೆವು. ಈ ಆಟದಲ್ಲಿ ಹೊಡೆತ ಕಡಿಮೆಯಾದಷ್ಟೂ ಒಳ್ಳೆಯದು. ಬಲ್ಲವರು ಹದಿನೆಂಟು ಕುಳಿಗಳನ್ನು ಎಂಬತ್ತರ ಆಸುಪಾಸಿನಲ್ಲಿ ಮುಗಿಸುತ್ತಾರೆ. ನಾನು ಆರು ವರ್ಷದಲ್ಲಿ ಒಮ್ಮೆಯೂ ನೂರರ ಕೆಳಗೆ ಇಳಿದಿರಲಿಲ್ಲ. ಇಳಿಯಬೇಕೆಂಬ ಆಸೆಯನ್ನು ಹೊರಗೆ ತೋರಿಸಿಕೊಂಡಿರಲಿಲ್ಲ ಎಂದುಕೊಂಡಿದ್ದೆ. ಅಷ್ಟರಲ್ಲಿ ಬಲಭುಜ ಕೈಕೊಟ್ಟಿತು. ಒಳಗೆ ನರವೋ ಸ್ನಾಯುವೋ ಹರಿದಿದೆ, ಆಪರೇಷನ್ ಆಗಬೇಕು ಎಂದರು. "ಆಮೇಲೆ ಗಾಲ್ಫು?" ಎಂದು ಕೇಳಿದೆ. "ಊಟದ ತಟ್ಟೆಯಿಂದ ಬಾಯಿಗೆ ಕೈ ಬಂದ್ರೆ ಸಾಕು ಅಂದ್ಕೊಳಿ" ಎಂದರು ಡಾಕ್ಟರು. ಬುಧವಾರ ಆಪರೇಷನ್. ಅದಕ್ಕೆ ಮೊದಲಿನ ಭಾನುವಾರ ನನ್ನ ಕೊನೆಯ ಆಟ.

ಆ ದಿನ ಹದಿನೇಳು ಕುಳಿ ಮುಗಿದಾಗ ನನ್ನ ಲೆಕ್ಕ ತೊಂಬತ್ತನಾಲ್ಕು. ಕೊನೆಯ ಕುಳಿಯನ್ನು ಐದರಲ್ಲಿ ಮುಗಿಸಿದರೆ ತೊಂಬತ್ತೊಂಬತ್ತು. ಯಾರೂ ಅದರ ಮಾತೆತ್ತಲಿಲ್ಲ. ಲಾಯರು ಬಿಸಿಲಿನ ಬಗ್ಗೆ ಏನೋ ಹೇಳಿದರು. ನಾನು ಹೊಡೆದೆ. ಚೆಂಡು ಸ್ವಲ್ಪ ದೂರ ನೆಟ್ಟಗೆ ಹೋಗಿ, ಆಮೇಲೆ ಬಲಕ್ಕೆ ವಾಲಿ, ಲಂಟಾನದ ಪೊದೆಯ ಕಡೆ ಇಳಿಯಿತು. ಇಂಥ ಹೊತ್ತಿನಲ್ಲಿ ಮುಂಜಾಗ್ರತೆಗೆ ಅಲ್ಲೇ ನಿಂತು ಇನ್ನೊಂದು ಚೆಂಡು ಹೊಡೆದಿಡುವುದು ಪದ್ಧತಿ. ನನ್ನ ಭುಜ ಬೇಡವೆಂದಿತು.

ಮೂವರೂ ಹುಡುಕಲು ನಿಂತೆವು. ಪೊದೆಗೆ ಕೈಹಾಕಬಾರದು, ಹಾವಿರುತ್ತವೆ. ಗಾಲ್ಫ್ ಕೋಲಿನಲ್ಲಿ ಸೊಪ್ಪು ಸರಿಸಿ ನೋಡಬೇಕು. ನಾನು ಸೊಪ್ಪು ಸರಿಸುತ್ತಲೇ ನನ್ನ ವಾಚನ್ನೂ ನೋಡುತ್ತಿದ್ದೆ. ಎರಡು ನಿಮಿಷ ಆಯಿತು. ಮೂರು ಆಯಿತು. ಮೇಷ್ಟ್ರ ದನಿ ಬರಲಿಲ್ಲ. ತಿರುಗಿ ನೋಡಿದರೆ ಅರವತ್ತೆಂಟು ವರ್ಷದ ಮನುಷ್ಯ, ಬಿಳಿ ಪ್ಯಾಂಟಿನಲ್ಲಿ ಮಂಡಿಯೂರಿ, ಕೋಲು ಬದಿಗಿಟ್ಟು, ಎರಡೂ ಕೈಗಳನ್ನು ಪೊದೆಯೊಳಗೆ ಹಾಕಿದ್ದರು. ನಾಲ್ಕು ನಿಮಿಷವಾಯಿತು. ಐದಕ್ಕೆ ಇನ್ನು ಸ್ವಲ್ಪವೇ ಇದ್ದಾಗ, "ನಿಮ್ದು ನೀಲಿ ಗೆರೆ ಅಲ್ವೇನ್ರೀ? ಇಲ್ಲೈತೆ ನೋಡಿ" ಎಂದರು. ಮುಂಗೈ ಪೂರ್ತಿ ಮುಳ್ಳು ಗೀರಿತ್ತು.

ನನಗೆ ಸಿಟ್ಟು ಬಂತು. ಆರು ವರ್ಷ ಸೆಕೆಂಡು ಬಿಡದೆ ಲೆಕ್ಕ ಹಾಕಿದವರು ಇವತ್ತು ನನಗೆ ಭಿಕ್ಷೆ ಹಾಕುತ್ತಿದ್ದಾರೆ ಅನ್ನಿಸಿತು.

"ಮೇಷ್ಟ್ರೇ, ಟೈಮ್ ಆಗೋಗಿದೆ" ಎಂದೆ.

"ಟೈಮ್ ಹೇಳೋರು ಯಾರ್ರೀ?"

"ನೀವು."

"ನಾನ್ ಹೇಳಿದ್ನಾ?"

"ಇಲ್ಲ."

"ಮತ್ತೆ ಆಗಿಲ್ಲ ಕಣ್ರೀ. ಹೊಡೀರಿ."

ಸಾಕ್ಷಿಗೆಂದು ಲಾಯರ ಕಡೆ ನೋಡಿದೆ. "ನಾನು ಭಾನುವಾರ ವಾಚ್ ಕಟ್ಟಲ್ಲ" ಎಂದರು ಅವರು, ವಾಚಿದ್ದ ಕೈಯನ್ನು ಜೇಬಿಗೆ ಇಳಿಸುತ್ತ.

ಹೊಡೆದೆ. ಎರಡನೆಯ ಹೊಡೆತ ಸುಮಾರಾಗಿ ಹೋಯಿತು. ಮೂರನೆಯದಕ್ಕೆ ಚೆಂಡು ಕುಳಿಯಿರುವ ಹಸಿರಿನ ಮೇಲೆ ನಿಂತಿತು. ಅಲ್ಲಿಂದ ಎರಡು ಸಲ ತಳ್ಳಿ ಒಳಗೆ ಹಾಕಿದೆ. ಐದು. ಭುಜ ತಿಕ್ಕಿಕೊಳ್ಳುತ್ತ ಚೆಂಡನ್ನು ಕುಳಿಯಿಂದ ಎತ್ತಿಕೊಂಡೆ.

ಆಟ ಮುಗಿದ ಮೇಲೆ ಸ್ಕೋರ್ ಕಾರ್ಡಿಗೆ ಜೊತೆಗಾರರೊಬ್ಬರು ಸಹಿ ಹಾಕಬೇಕು. ಇಷ್ಟೇ ಹೊಡೆತ, ನಿಯಮದ ಪ್ರಕಾರ ಆಡಿದ್ದಾರೆ, ನಾನೇ ನೋಡಿದ್ದೇನೆ ಎಂಬುದು ಆ ಸಹಿಯ ಅರ್ಥ. ಕ್ಯಾಂಟೀನಿನ ಮೇಜಿನ ಮೇಲೆ ಮೇಷ್ಟ್ರು ಕಾರ್ಡು ಇಟ್ಟುಕೊಂಡು, ಹದಿನೆಂಟು ಅಂಕಿಗಳನ್ನೂ ಬೆರಳಿಟ್ಟು ಕೂಡಿ, ಇನ್ನೊಮ್ಮೆ ಕೂಡಿದರು. ಸಹಿ ಹಾಕುವ ಮೊದಲು ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿ, ಮತ್ತೆ ತೆಗೆದರು. ನಾನು ಕಾಫಿ ಲೋಟ ನೋಡುತ್ತಿದ್ದೆ. ಆಮೇಲೆ ಪೂರ್ತಿ ಹೆಸರು ಬರೆದು, ಕಾರ್ಡನ್ನು ನನ್ನ ಕಡೆ ಸರಿಸಿ, ಲಾಯರಿಗೆ ಹೇಳಿದರು:

"ಮುಂದಿನ ವಾರದಿಂದ ಟೈಮ್ ನೀವು ಹೇಳ್ಕೊಳಿ. ನನ್ನ ಕೈಲಿ ಇನ್ ಆಗಲ್ಲ."

ಲಾಯರು ಆಗಲಿ ಎಂದರು. ಆ ಮಾತಿನ ಅರ್ಥ ನನಗೆ ತಕ್ಷಣ ಆಯಿತು: ಒಬ್ಬರಿಗೆ ಟೈಮ್ ಬಿಟ್ಟುಕೊಟ್ಟವರು ಇನ್ನೊಬ್ಬರಿಗೆ "ಆಯ್ತು" ಅನ್ನಲಾರರು. ಆ ಚೆಂಡು ಲೆಕ್ಕಕ್ಕಿಲ್ಲ, ಈ ಕಾರ್ಡು ಹರಿದುಹಾಕಿ ಎಂದು ನಾನು ಆಗಲೇ ಹೇಳಿದ್ದರೆ ಆ ಕೆಲಸ ಅವರ ಹತ್ತಿರವೇ ಉಳಿಯುತ್ತಿತ್ತು. ಆದರೆ ನನಗೆ ತೊಂಬತ್ತೊಂಬತ್ತು ಬೇಕಿತ್ತು. ಕಾರ್ಡನ್ನು ಮಡಿಸಿ ಜೇಬಿಗೆ ಹಾಕಿಕೊಂಡೆ.